ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು: ಅಧಿಕಾರ ಹಂಚಿಕೆಯ ಯಾವ ದಾರಿ ಯಾರಿಗೆ ಸರಿ?

ಕೇಂದ್ರ ಗಟ್ಟಿಯಾಗಿರಬೇಕೋ, ರಾಜ್ಯಗಳು ಗಟ್ಟಿಯಾಗಿರಬೇಕೋ? ಚರ್ಚಾಸ್ಪರ್ಧೆಗೆ ತಯಾರಾಗುವ ವಿದ್ಯಾರ್ಥಿಗಳು ಇದನ್ನು ಕೇಳುತ್ತಾರೆ. ಚುನಾವಣೆ ಹೊತ್ತಿನಲ್ಲಿ ಎರಡೂ ಕಡೆಯ ಭಾಷಣ ಕೇಳಿ ಗೊಂದಲಕ್ಕೆ ಬಿದ್ದವರೂ ಕೇಳುತ್ತಾರೆ. ಒಬ್ಬರ ಮಾತು ಕೇಳಿದರೆ, ಕೇಂದ್ರ ಬಲವಾಗಿಲ್ಲದ ದೇಶ ಚೂರುಚೂರಾಗುತ್ತದೆ ಅನ್ನಿಸುತ್ತದೆ. ಇನ್ನೊಬ್ಬರ ಮಾತು ಕೇಳಿದರೆ, ಎಲ್ಲವನ್ನೂ ಒಂದೇ ಕಡೆ ಹಿಡಿದಿಟ್ಟರೇ ದೇಶ ಚೂರಾಗುವುದು ಅನ್ನಿಸುತ್ತದೆ. ಕಷ್ಟ ಏನೆಂದರೆ, ಎರಡೂ ಮಾತಿಗೆ ಚರಿತ್ರೆಯಲ್ಲಿ ಸಾಕ್ಷಿ ಸಿಗುತ್ತದೆ.

ಪ್ರಶ್ನೆಯನ್ನು ಹೀಗೆ ಎರಡು ಹೋಳು ಮಾಡಿದ್ದೇ ತೊಂದರೆ ಅಂತ ನನಗನ್ನಿಸುತ್ತದೆ. ಇರುವ ದಾರಿಗಳು ಎರಡಲ್ಲ, ಕಡಿಮೆ ಅಂದರೂ ಏಳು. ಒಂದೊಂದರಲ್ಲೂ ಏನೋ ಸಿಗುತ್ತದೆ, ಏನೋ ಕೈಬಿಡುತ್ತದೆ. ಯಾವುದನ್ನು ಕಳೆದುಕೊಂಡರೆ ನಿಮಗೆ ಪರವಾಗಿಲ್ಲ ಅನ್ನುವುದು ಗೊತ್ತಾದರೆ ಆಯ್ಕೆ ಸುಲಭವಾಗುತ್ತದೆ.

ಮೊದಲು ಅಳತೆಗೋಲು

ಬಹಳ ಜನ ಮೊದಲು ನೋಡುವುದು ಪಟ್ಟಿಯನ್ನು. ಪೊಲೀಸ್ ಯಾರಿಗೆ, ಶಾಲೆ ಯಾರಿಗೆ, ರೈಲು ಯಾರಿಗೆ ಅಂತ. ಪಟ್ಟಿ ಬೇಕು, ನಿಜ. ಆದರೆ ಅದೊಂದನ್ನೇ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಸೇನೆ, ವಿದೇಶಾಂಗ, ನಾಣ್ಯ ಈ ಮೂರು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಕೇಂದ್ರದ ಬಳಿಯೇ ಇರುತ್ತವೆ. ಜಗಳ ಹುಟ್ಟುವುದು ಬೇರೆ ಕಡೆ. ಅದಕ್ಕೇ ನಾನು ಆರು ವಿಷಯ ನೋಡುತ್ತೇನೆ.

ಒಂದು, ಪಟ್ಟಿಯಲ್ಲಿ ಬರೆಯದೆ ಉಳಿದದ್ದು ಯಾರಿಗೆ? ಇದನ್ನು ಶೇಷಾಧಿಕಾರ ಅನ್ನುತ್ತಾರೆ. ಕೆನಡಾದವರು 1867ರಲ್ಲಿ ಅಧಿಕಾರ ಹಂಚಿಕೊಂಡಾಗ ರೇಡಿಯೊ ಅನ್ನುವುದೇ ಇರಲಿಲ್ಲ. ಆಮೇಲೆ ಬಂದ ರೇಡಿಯೊ ಯಾರದ್ದು ಎಂದು ಕೋರ್ಟಿಗೆ ಹೋಗಬೇಕಾಯಿತು. 1932ರಲ್ಲಿ ಅದು ಕೇಂದ್ರದ್ದು ಎಂದು ತೀರ್ಮಾನವಾಯಿತು. ನಾಳೆ ಹುಟ್ಟುವ ಹೊಸ ವಿಷಯಗಳಲ್ಲಿ ಹೆಚ್ಚಿನವು ಈ ಖಾನೆಗೇ ಬಂದು ಬೀಳುತ್ತವೆ.

ಎರಡು, ದುಡ್ಡು. ತೆರಿಗೆ ಎತ್ತುವವರು ಯಾರು, ಖರ್ಚಿನ ಹೊಣೆ ಯಾರ ಮೇಲಿದೆ? ಶಾಲೆ, ಆಸ್ಪತ್ರೆ ನಡೆಸಬೇಕಾದದ್ದು ರಾಜ್ಯ, ದೊಡ್ಡ ತೆರಿಗೆಗಳೆಲ್ಲ ಕೇಂದ್ರದ್ದು ಅಂತಾದರೆ ರಾಜ್ಯ ವರ್ಷವರ್ಷವೂ ಕೈಯೊಡ್ಡಬೇಕು. ಆರರಲ್ಲಿ ನಾನು ಜಾಸ್ತಿ ತೂಕ ಕೊಡುವುದು ಇದಕ್ಕೇ. ಕಾರಣ ಕೆನಡಾ ಮತ್ತು ಆಸ್ಟ್ರೇಲಿಯಾದ ಕತೆಯಲ್ಲಿದೆ, ಅಲ್ಲಿಗೆ ಬಂದಾಗ ಹೇಳುತ್ತೇನೆ.

ಮೂರು, ಹಂಚಿಕೆಯನ್ನೇ ಬದಲಿಸುವ ಹಕ್ಕು ಯಾರಿಗಿದೆ? ಕೇಂದ್ರ ಒಂದೇ ಕೂತು ಬದಲಿಸಬಹುದು ಅಂತಾದರೆ ರಾಜ್ಯದ ಕೈಯಲ್ಲಿರುವುದು ಕೈಗಡ. ಯಾವಾಗ ಬೇಕಾದರೂ ವಾಪಸ್ ಕೇಳಬಹುದು.

ನಾಲ್ಕು, ಜಗಳ ಬಂದರೆ ತೀರ್ಪು ಹೇಳುವವರು ಯಾರು? ಐದು, ಕೇಂದ್ರ ಕಾನೂನು ಮಾಡುವಾಗ ರಾಜ್ಯಗಳಿಗೆ ಮಾತಾಡಲು ಒಂದು ಜಾಗ ಇದೆಯೇ?

ಆರನೆಯದನ್ನು ಬಹಳ ಜನ ಮರೆಯುತ್ತಾರೆ. ರಾಜ್ಯದೊಳಗೇ ಇರುವ ದುರ್ಬಲರ ಗತಿ ಏನು? ರಾಜ್ಯಕ್ಕೆ ಅಧಿಕಾರ ಸಿಕ್ಕಿತು ಅಂದರೆ ಆ ರಾಜ್ಯದ ಎಲ್ಲರಿಗೂ ಸಿಕ್ಕಿತು ಅಂತ ಅರ್ಥವಲ್ಲ. ಸ್ವಿಟ್ಜರ್ಲೆಂಡಿನಲ್ಲಿ ದೇಶದ ಮಟ್ಟದ ಚುನಾವಣೆಯಲ್ಲಿ ಮಹಿಳೆಯರಿಗೆ ಮತ ಸಿಕ್ಕಿದ್ದು 1971ರಲ್ಲಿ. ಆದರೆ ಆಪೆನ್ಸೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಕ್ಯಾಂಟನ್, ಅಂದರೆ ಅಲ್ಲಿನ ರಾಜ್ಯ, ತನ್ನ ಸ್ಥಳೀಯ ವಿಷಯಗಳಲ್ಲಿ ಮಹಿಳೆಯರಿಗೆ ಮತ ಕೊಡಲು ಒಪ್ಪಲೇ ಇಲ್ಲ. 1990ರಲ್ಲಿ ದೇಶದ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲಷ್ಟೇ ಬಾಗಿಲು ತೆರೆಯಿತು.

ಎಲ್ಲವೂ ಒಂದೇ ಕಡೆ

ಜಗತ್ತಿನ ಬಹುಪಾಲು ದೇಶಗಳು ಹಿಡಿದಿರುವುದು ಈ ದಾರಿಯನ್ನೇ. ಒಕ್ಕೂಟ ವ್ಯವಸ್ಥೆ, ಅಂದರೆ ಕೇಂದ್ರಕ್ಕೂ ರಾಜ್ಯಗಳಿಗೂ ಸಂವಿಧಾನವೇ ಅಧಿಕಾರ ಹಂಚಿಕೊಟ್ಟ ವ್ಯವಸ್ಥೆ, ಇರುವುದು ಸುಮಾರು 25 ದೇಶಗಳಲ್ಲಿ. ದೊಡ್ಡ ದೊಡ್ಡ ದೇಶಗಳು ಅದರಲ್ಲಿರುವುದರಿಂದ ಜಗತ್ತಿನ ಶೇ 40ರಷ್ಟು ಜನ ಅದರಡಿ ಬದುಕುತ್ತಾರೆ, ಅಷ್ಟೇ. ಫ್ರಾನ್ಸ್, ಜಪಾನ್‌ಗಳಲ್ಲಿ ಇರುವುದು ಒಂದೇ ಸರ್ಕಾರದ ವ್ಯವಸ್ಥೆ. ಜಪಾನಿನ 47 ಪ್ರಾಂತ್ಯಗಳಿಗೆ ಜನ ಆರಿಸಿದ ಗವರ್ನರ್‌ಗಳಿದ್ದಾರೆ, ಸಭೆಗಳಿವೆ. ಆದರೆ ಅವುಗಳ ಅಧಿಕಾರ ದೇಶದ ಸಂಸತ್ತು ಕೊಟ್ಟಷ್ಟು.

ಇದರ ಲಾಭ ನೇರವಾದದ್ದು. ಒಂದೇ ಕಾನೂನು, ಕಡಿಮೆ ಕಚೇರಿಗಳು, ಕಡಿಮೆ ಖರ್ಚು. ಊರು ಬದಲಿಸಿದರೆ ಮಕ್ಕಳ ಪಠ್ಯ ಬದಲಾಗುವುದಿಲ್ಲ. ತಪ್ಪಾದರೆ ಯಾರನ್ನು ಕೇಳಬೇಕು ಅನ್ನುವುದೂ ಸ್ಪಷ್ಟ.

ಬ್ರಿಟನ್ ಇದಕ್ಕೇ ಒಂದು ತೇಪೆ ಹಾಕಿಕೊಂಡಿತು. 1998ರಲ್ಲಿ ಕಾನೂನು ಮಾಡಿ, 1999ರಿಂದ ಸ್ಕಾಟ್ಲೆಂಡಿಗೆ ತನ್ನದೇ ಸಂಸತ್ತು ಕೊಟ್ಟಿತು. ಶಿಕ್ಷಣ, ಆರೋಗ್ಯದಂಥ ವಿಷಯಗಳನ್ನು ಆ ಸಂಸತ್ತೇ ನಡೆಸುತ್ತದೆ. ಆದರೆ ಮೂರನೆಯ ಅಳತೆಗೋಲು ಇಟ್ಟು ನೋಡಿ. ಉತ್ತರ ಐರ್ಲೆಂಡಿಗೆ 1921ರಿಂದ ಪ್ರತ್ಯೇಕ ಸಂಸತ್ತು ಇತ್ತು. ಗಲಭೆ ಹೆಚ್ಚಿದಾಗ, 1972ರಲ್ಲಿ ಲಂಡನ್ ಅದನ್ನು ಅಮಾನತು ಮಾಡಿ ಆಡಳಿತವನ್ನು ನೇರವಾಗಿ ತಾನೇ ತೆಗೆದುಕೊಂಡಿತು. ಒಳ್ಳೆಯ ಕಾಲದಲ್ಲಿ ಕೈಗಡಕ್ಕೂ ಸ್ವಂತಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕೆಟ್ಟ ಕಾಲದಲ್ಲಿ ಕಾಣುತ್ತದೆ.

ರಾಜ್ಯಗಳೇ ದೊಡ್ಡವು, ಕೇಂದ್ರ ಹೆಸರಿಗಷ್ಟೇ

ಅಮೆರಿಕ 1781ರಿಂದ 1789ರ ತನಕ ಹೀಗೆ ಬದುಕಲು ಪ್ರಯತ್ನಿಸಿತು. 13 ರಾಜ್ಯಗಳು ಸೇರಿ ಒಂದು ಕೇಂದ್ರ ಸಭೆ ಮಾಡಿಕೊಂಡವು. ಆ ಸಭೆಗೆ ಯುದ್ಧದ ಸಾಲ ಇತ್ತು, ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. ರಾಜ್ಯಗಳನ್ನು ಕೇಳಿಕೊಳ್ಳಬೇಕು, ಅವು ಕೊಟ್ಟರೆ ಉಂಟು. ಆಮದಿನ ಮೇಲೆ ಶೇ 5ರ ಒಂದು ಸಣ್ಣ ತೆರಿಗೆ ಬೇಕೆಂದಾಗ ರೋಡ್ ಐಲೆಂಡ್ ಒಂದೇ ಬೇಡ ಅಂದಿತು. ನಿಯಮ ಬದಲಿಸಲು 13 ರಾಜ್ಯಗಳೂ ಒಪ್ಪಬೇಕಿತ್ತು. ಅಲ್ಲಿಗೆ ಆ ಪ್ರಸ್ತಾಪ ಬಿದ್ದುಹೋಯಿತು. 1783ರಲ್ಲಿ ಸಂಬಳ ಸಿಗದ ಸೈನಿಕರು ಆ ಸಭೆಯನ್ನೇ ಮುತ್ತಿದರು.

ಇವತ್ತು ಈ ದಾರಿಗೆ ಹತ್ತಿರ ಇರುವುದು ಯುರೋಪಿಯನ್ ಒಕ್ಕೂಟ. ಅದರ ಬಜೆಟ್ ಸದಸ್ಯ ದೇಶಗಳ ಒಟ್ಟು ಆದಾಯದ ಸುಮಾರು ಶೇ 1 ಮಾತ್ರ. ತೆರಿಗೆಯ ವಿಷಯದಲ್ಲಿ 27 ದೇಶಗಳೂ ಹೂಂ ಅನ್ನಬೇಕು. ಬೇರೆ ಬೇರೆ ದೇಶಗಳು ವ್ಯಾಪಾರಕ್ಕೆ ಜೊತೆಯಾಗುವುದಕ್ಕೆ ಇದು ಸಾಕು. ಒಂದು ದೇಶ ನಡೆಸುವುದಕ್ಕೆ ಸಾಲದು.

ಅಮೆರಿಕದ ದಾರಿ: ಕೇಂದ್ರಕ್ಕೆ ಪಟ್ಟಿ, ಉಳಿದದ್ದೆಲ್ಲ ರಾಜ್ಯಕ್ಕೆ

ಆ ಪೆಟ್ಟು ತಿಂದ ಮೇಲೆ ಅಮೆರಿಕದವರು 1787ರಲ್ಲಿ ಹೊಸ ಸಂವಿಧಾನ ಬರೆದರು. ಕೇಂದ್ರ ಏನೇನು ಮಾಡಬಹುದು ಎಂದು ಪಟ್ಟಿ ಕೊಟ್ಟರು. ಉಳಿದದ್ದು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು ಎಂದು 1791ರ 10ನೇ ತಿದ್ದುಪಡಿಯಲ್ಲಿ ಬರೆದಿಟ್ಟರು. ಪ್ರತಿ ರಾಜ್ಯಕ್ಕೂ ಸ್ವಂತ ಸಂವಿಧಾನ, ಸ್ವಂತ ಕೋರ್ಟು, ಸ್ವಂತ ಅಪರಾಧ ಕಾನೂನು. ಅದಕ್ಕೇ ಒಂದು ರಾಜ್ಯದಲ್ಲಿ ಮರಣದಂಡನೆ ಇದೆ, ಪಕ್ಕದ ರಾಜ್ಯದಲ್ಲಿ ಇಲ್ಲ. ಸಂವಿಧಾನ ತಿದ್ದಲು 50ರಲ್ಲಿ 38 ರಾಜ್ಯ ಒಪ್ಪಬೇಕು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಎಲ್ಲ ರಾಜ್ಯಕ್ಕೂ ಇಬ್ಬಿಬ್ಬರು. ಆರು ಲಕ್ಷಕ್ಕಿಂತ ಕಡಿಮೆ ಜನರಿರುವ ವಯೋಮಿಂಗ್‌ಗೂ ಇಬ್ಬರು, ನಾಲ್ಕು ಕೋಟಿಯ ಹತ್ತಿರ ಇರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು. ರಾಜ್ಯಗಳ ನಡುವೆ ಸಮಾನತೆ ಬೇಕು ಅನ್ನುವವರಿಗೆ ಇದು ನ್ಯಾಯ. ಮನುಷ್ಯರ ನಡುವೆ ಸಮಾನತೆ ಬೇಕು ಅನ್ನುವವರಿಗೆ ಅನ್ಯಾಯ. ಎರಡನ್ನೂ ಒಟ್ಟಿಗೆ ಪಡೆಯಲು ಆಗುವುದಿಲ್ಲ.

ಈ ದಾರಿಯ ದೊಡ್ಡ ಲಾಭ, ಒಂದು ರಾಜ್ಯ ಮುಂದೆ ಹೋಗಿ ಮಾಡಿ ತೋರಿಸಬಹುದು. ವಯೋಮಿಂಗ್ 1869ರಲ್ಲೇ, ಇನ್ನೂ ರಾಜ್ಯವಾಗುವ ಮೊದಲೇ, ಮಹಿಳೆಯರಿಗೆ ಮತ ಕೊಟ್ಟಿತ್ತು. 1890ರಲ್ಲಿ ರಾಜ್ಯವಾಗಿ ಸೇರುವಾಗ ಆ ಹಕ್ಕನ್ನು ಬಿಡಲಿಲ್ಲ. ದೇಶಕ್ಕೆಲ್ಲ ಅದು ಬಂದದ್ದು 1920ರಲ್ಲಿ. ಆಪೆನ್ಸೆಲ್ ಕತೆಯ ಪಕ್ಕ ಇದನ್ನಿಟ್ಟು ನೋಡಿ. ಸ್ವಾತಂತ್ರ್ಯ ಇಬ್ಬರಿಗೂ ಇತ್ತು. ಒಬ್ಬರು ದೇಶಕ್ಕಿಂತ 50 ವರ್ಷ ಮುಂದೆ ನಡೆದರು, ಇನ್ನೊಬ್ಬರು 20 ವರ್ಷ ಹಿಂದುಳಿದರು.

ಅಮೆರಿಕದಲ್ಲೇ ಕೆಟ್ಟ ಮುಖವೂ ಇದೆ. ‘ರಾಜ್ಯಗಳ ಹಕ್ಕು’ ಅನ್ನುವ ಮಾತನ್ನು ಗುಲಾಮಗಿರಿ ಉಳಿಸಿಕೊಳ್ಳಲು ಬಳಸಿದರು. ಆಮೇಲೆ ಕರಿಯ ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸಲು ಬಳಸಿದರು. 1957ರಲ್ಲಿ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಶಾಲೆಯೊಳಗೆ ಬಿಡದಂತೆ ಅಲ್ಲಿನ ಗವರ್ನರ್ ರಾಜ್ಯದ ಪಡೆಯನ್ನು ನಿಲ್ಲಿಸಿದರು. ಅಧ್ಯಕ್ಷ ಐಸೆನ್‌ಹೋವರ್ ದೇಶದ ಸೇನೆ ಕಳಿಸಿ ಆ ಮಕ್ಕಳನ್ನು ಒಳಗೆ ಕಳಿಸಬೇಕಾಯಿತು. ಆ ಒಂಬತ್ತು ಮಕ್ಕಳ ಜಾಗದಲ್ಲಿ ನಿಂತು ನೋಡಿದರೆ, ದೂರದ ಸರ್ಕಾರವೇ ಹತ್ತಿರದವರಾಗಿತ್ತು.

ಇನ್ನು ದುಡ್ಡು. 1913ರ ತಿದ್ದುಪಡಿಯ ನಂತರ ಆದಾಯ ತೆರಿಗೆ ಕೇಂದ್ರದ ದೊಡ್ಡ ಅಸ್ತ್ರವಾಯಿತು. ಮದ್ಯ ಕೊಳ್ಳುವ ಕನಿಷ್ಠ ವಯಸ್ಸು ಎಷ್ಟಿರಬೇಕು ಅನ್ನುವುದು ರಾಜ್ಯಗಳ ವಿಷಯ. ಆದರೂ 1984ರಲ್ಲಿ ಕೇಂದ್ರ ಹೇಳಿತು: 21 ಮಾಡದಿದ್ದರೆ ಹೆದ್ದಾರಿ ಅನುದಾನದಲ್ಲಿ ಒಂದು ಪಾಲು ಕಡಿತ. ಸೌತ್ ಡಕೋಟ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಕೊನೆಗೆ ಎಲ್ಲ ರಾಜ್ಯಗಳೂ 21 ಮಾಡಿದವು. ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಕೆನಡಾ ಮತ್ತು ಆಸ್ಟ್ರೇಲಿಯಾ: ಬರೆದದ್ದೊಂದು, ಆದದ್ದೊಂದು

ಆಯ್ಕೆ ಮಾಡುವವರು ಬೇರೇನನ್ನೂ ಓದದಿದ್ದರೂ ಈ ಎರಡು ದೇಶಗಳ ಕತೆಯನ್ನು ಮಾತ್ರ ಓದಲೇಬೇಕು.

ಕೆನಡಾ 1867ರಲ್ಲಿ ಒಂದಾದಾಗ, ಪಕ್ಕದ ಅಮೆರಿಕದ ಅಂತರ್ಯುದ್ಧ ಮುಗಿದು ಎರಡೇ ವರ್ಷವಾಗಿತ್ತು. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ರಾಜ್ಯಗಳಿಗೆ ಅತಿಯಾಗಿ ಅಧಿಕಾರ ಕೊಟ್ಟದ್ದೇ ಇದಕ್ಕೆ ಕಾರಣ ಎಂದು ಕೆನಡಾದ ಮುಖಂಡರು ನಂಬಿದರು. ಅದಕ್ಕೇ ಉಲ್ಟಾ ಮಾಡಿದರು. ಶೇಷಾಧಿಕಾರ ಕೇಂದ್ರಕ್ಕೆ. ಪ್ರಾಂತ್ಯಗಳು ಮಾಡಿದ ಕಾನೂನನ್ನು ರದ್ದು ಮಾಡುವ ಅಧಿಕಾರವೂ ಕೇಂದ್ರಕ್ಕೆ. ಮೊದಮೊದಲು ಅದನ್ನು ಧಾರಾಳವಾಗಿ ಬಳಸಿದರು. ಒಟ್ಟು ನೂರಕ್ಕೂ ಹೆಚ್ಚು ಕಾನೂನುಗಳು ಹೀಗೆ ರದ್ದಾದವು.

ಆಸ್ಟ್ರೇಲಿಯಾ 1901ರಲ್ಲಿ ಒಂದಾದಾಗ ಅಮೆರಿಕದ ಮಾದರಿಯನ್ನು ಹಿಡಿಯಿತು. ಕೇಂದ್ರಕ್ಕೆ ಪಟ್ಟಿ, ಉಳಿದದ್ದು ರಾಜ್ಯಗಳಿಗೆ.

ಹಾಗಾದರೆ ಇವತ್ತು ಎಲ್ಲಿ ರಾಜ್ಯಗಳು ಗಟ್ಟಿ? ಪುಸ್ತಕ ನೋಡಿದರೆ ಆಸ್ಟ್ರೇಲಿಯಾ ಅನ್ನಬೇಕು. ಆದರೆ ಗಟ್ಟಿಯಾಗಿರುವುದು ಕೆನಡಾದ ಪ್ರಾಂತ್ಯಗಳು.

ಕೆನಡಾದಲ್ಲಿ ಎರಡು ವಿಷಯ ನಡೆದವು. ಮೊದಲನೆಯದು ತೀರ್ಪುಗಾರರದ್ದು. 1949ರ ತನಕ ಅಲ್ಲಿನ ಕೊನೆಯ ಮೇಲ್ಮನವಿ ಹೋಗುತ್ತಿದ್ದದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. ಅಲ್ಲಿನ ನ್ಯಾಯಮೂರ್ತಿಗಳು ತೀರ್ಪಿನ ಮೇಲೆ ತೀರ್ಪು ಕೊಟ್ಟು ಪ್ರಾಂತ್ಯಗಳ ಅಧಿಕಾರವನ್ನು ಹಿಗ್ಗಿಸಿದರು, ಕೇಂದ್ರದ್ದನ್ನು ಕುಗ್ಗಿಸಿದರು. ರದ್ದು ಮಾಡುವ ಅಧಿಕಾರವನ್ನು 1943ರ ನಂತರ ಯಾರೂ ಬಳಸಿಲ್ಲ. ಎರಡನೆಯದು ದುಡ್ಡು. ಗಣಿ, ಕಾಡು, ಎಣ್ಣೆ ಎಲ್ಲ ಪ್ರಾಂತ್ಯಗಳ ಸ್ವತ್ತು. ಆದಾಯ ತೆರಿಗೆ ಹಾಕುವ ಹಕ್ಕೂ ಅವಕ್ಕಿದೆ. ಕ್ವಿಬೆಕ್ ತನ್ನ ಆದಾಯ ತೆರಿಗೆಯನ್ನು ತಾನೇ ವಸೂಲಿ ಮಾಡುತ್ತದೆ. ಸ್ವಂತ ದುಡ್ಡು ಇರುವುದರಿಂದ ಸ್ವಂತ ಪ್ರಯೋಗವೂ ಸಾಧ್ಯವಾಯಿತು. ಸಸ್ಕ್ಯಾಚುವಾನ್ ಎಂಬ ಒಂದು ಪ್ರಾಂತ್ಯ 1962ರಲ್ಲಿ ಎಲ್ಲರಿಗೂ ಸರ್ಕಾರಿ ವೈದ್ಯಕೀಯ ವಿಮೆ ತಂದಿತು. ವೈದ್ಯರು ಮುಷ್ಕರ ಹೂಡಿದರು. ಆದರೂ ಅದು ನಿಂತಿತು. 1966ರಲ್ಲಿ ಕೇಂದ್ರ ಅದನ್ನೇ ದೇಶಕ್ಕೆಲ್ಲ ತರಲು ಕಾನೂನು ಮಾಡಿತು.

ಆಸ್ಟ್ರೇಲಿಯಾದಲ್ಲಿ ನಡೆದದ್ದು ಇದರ ತದ್ವಿರುದ್ಧ. 1942ರ ತನಕ ಕೇಂದ್ರವೂ ರಾಜ್ಯಗಳೂ ಇಬ್ಬರೂ ಆದಾಯ ತೆರಿಗೆ ಹಾಕುತ್ತಿದ್ದರು. ಯುದ್ಧದ ಖರ್ಚಿಗೆಂದು ಆ ವರ್ಷ ಕೇಂದ್ರ ತನ್ನ ತೆರಿಗೆಯನ್ನು ಎಷ್ಟು ಏರಿಸಿತೆಂದರೆ, ಅದರ ಮೇಲೆ ರಾಜ್ಯಗಳು ಇನ್ನೊಂದು ತೆರಿಗೆ ಹಾಕಲು ಸಾಧ್ಯವೇ ಇರಲಿಲ್ಲ. ತೆರಿಗೆ ಬಿಟ್ಟುಕೊಟ್ಟ ರಾಜ್ಯಕ್ಕೆ ಅನುದಾನ ಕೊಡುತ್ತೇವೆ ಎಂದಿತು. ರಾಜ್ಯಗಳು ಹೈಕೋರ್ಟಿಗೆ ಹೋದವು. ಅಲ್ಲಿ ಅದೇ ಅತಿ ದೊಡ್ಡ ಕೋರ್ಟು. ರಾಜ್ಯಗಳು ಸೋತವು. 1945ರಲ್ಲಿ ಯುದ್ಧ ಮುಗಿಯಿತು, ತೆರಿಗೆ ಮಾತ್ರ ವಾಪಸ್ ಬರಲಿಲ್ಲ. ಅನುದಾನಕ್ಕೆ ಯಾವ ಷರತ್ತು ಬೇಕಾದರೂ ಹಾಕಬಹುದು ಎಂದು ಸಂವಿಧಾನದ 96ನೇ ವಿಧಿಯಲ್ಲಿದೆ. ಆ ಒಂದು ವಿಧಿಯ ಬಲದಿಂದ, ತನ್ನ ಪಟ್ಟಿಯಲ್ಲಿ ಇಲ್ಲದ ಶಾಲೆ, ಆಸ್ಪತ್ರೆಗಳ ವಿಷಯದಲ್ಲೂ ಕೇಂದ್ರದ ಮಾತು ನಡೆಯುತ್ತದೆ.

ನಾನು ದುಡ್ಡಿಗೆ ಜಾಸ್ತಿ ತೂಕ ಕೊಡುವುದು ಇದಕ್ಕೇ.

ಆದರೆ ಆಸ್ಟ್ರೇಲಿಯಾದ ದಾರಿ ಸೋತ ದಾರಿ ಅಂತ ತಿಳಿಯಬೇಡಿ. ತೆರಿಗೆ ಒಂದೇ ಕಡೆ ಸೇರಿದರೆ ಬಡ ರಾಜ್ಯಗಳಿಗೆ ಹಂಚುವುದು ಸುಲಭ. ಅಲ್ಲಿ 2000ದಲ್ಲಿ ಬಂದ ಜಿಎಸ್‌ಟಿಯ ಹಣವೆಲ್ಲ ರಾಜ್ಯಗಳಿಗೇ ಹೋಗುತ್ತದೆ. ಯಾವ ರಾಜ್ಯದವರಿಗೂ ಸೇವೆಯಲ್ಲಿ ಕೊರತೆಯಾಗದಂತೆ ಒಂದು ಆಯೋಗ ಲೆಕ್ಕ ಹಾಕಿ ಹಂಚುತ್ತದೆ. ಸಣ್ಣ ರಾಜ್ಯದ ರೋಗಿಗೂ ದೊಡ್ಡ ರಾಜ್ಯದ ರೋಗಿಗೂ ಸಿಗುವ ಆಸ್ಪತ್ರೆ ಒಂದೇ ಮಟ್ಟದಲ್ಲಿರಬೇಕು ಅನ್ನುವುದು ಉದ್ದೇಶ. ಇದಕ್ಕೆ ಬೆಲೆ ತೆತ್ತದ್ದು ಶ್ರೀಮಂತ ರಾಜ್ಯ. ಗಣಿಗಾರಿಕೆಯಿಂದ ಹಣ ಹರಿದು ಬಂದ ಕಾಲದಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾಕ್ಕೆ, ಜನಸಂಖ್ಯೆಯ ಲೆಕ್ಕದಲ್ಲಿ ಬರಬೇಕಾದ ಒಂದು ಡಾಲರಿಗೆ ಸುಮಾರು 30 ಸೆಂಟ್ ಮಾತ್ರ ಬಂದ ವರ್ಷವೂ ಇತ್ತು. ಅಲ್ಲಿನವರು ಸಿಟ್ಟಾದರು. ಒಂದು ಮಿತಿಗಿಂತ ಕೆಳಗೆ ಇಳಿಸಬಾರದು ಎಂದು 2018ರಲ್ಲಿ ಕಾನೂನು ಮಾಡಬೇಕಾಯಿತು. ಕೆನಡಾದಲ್ಲೂ ಬಡ ಪ್ರಾಂತ್ಯಗಳಿಗೆ ಕೇಂದ್ರ ಹಣ ಕೊಡುತ್ತದೆ, ಅದನ್ನು 1982ರಲ್ಲಿ ಸಂವಿಧಾನದಲ್ಲೇ ಬರೆದಿದ್ದಾರೆ. ಎಣ್ಣೆ ಇರುವ ಆಲ್ಬರ್ಟಾದ ಗೊಣಗಾಟ ಅಲ್ಲೂ ನಿಂತಿಲ್ಲ.

ಇನ್ನೊಂದು ಮಾತು, ರಾಜ್ಯಗಳು ತಮ್ಮ ತಮ್ಮ ದಾರಿ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ. ಆಸ್ಟ್ರೇಲಿಯಾ ಒಂದಾಗುವ ಮುಂಚೆ ಒಂದೊಂದು ವಸಾಹತು ಒಂದೊಂದು ಅಳತೆಯ ರೈಲು ಹಳಿ ಹಾಕಿತ್ತು. ನ್ಯೂ ಸೌತ್ ವೇಲ್ಸ್ 1435 ಮಿಲಿಮೀಟರ್, ವಿಕ್ಟೋರಿಯಾ 1600, ಕ್ವೀನ್ಸ್‌ಲೆಂಡ್ 1067. ಸಿಡ್ನಿಯಿಂದ ಮೆಲ್ಬೋರ್ನ್‌ಗೆ ಹೋಗುವವರು ಗಡಿಯ ಆಲ್ಬರಿ ನಿಲ್ದಾಣದಲ್ಲಿ ಇಳಿದು ಬೇರೆ ರೈಲು ಹತ್ತಬೇಕಿತ್ತು. ಈ ಎರಡು ನಗರಗಳ ನಡುವೆ ಒಂದೇ ಅಳತೆಯ ಹಳಿ ಬಂದದ್ದು 1962ರಲ್ಲಿ.

ಜರ್ಮನಿ: ಕೇಂದ್ರ ಬರೆಯುತ್ತದೆ, ರಾಜ್ಯ ನಡೆಸುತ್ತದೆ

ಮೇಲಿನ ಮೂರು ದೇಶಗಳಲ್ಲಿ ವಿಷಯಗಳನ್ನು ಹಂಚಿದ್ದಾರೆ. ಜರ್ಮನಿಯಲ್ಲಿ ಕೆಲಸವನ್ನೇ ಹಂಚಿದ್ದಾರೆ. ಬಹುಪಾಲು ಕಾನೂನು ಮಾಡುವುದು ಕೇಂದ್ರ, ಅವನ್ನು ಜಾರಿ ಮಾಡುವುದು 16 ರಾಜ್ಯಗಳ ಅಧಿಕಾರಿಗಳು. ಶಾಲೆ, ಪೊಲೀಸ್ ಮಾತ್ರ ಬಹುಮಟ್ಟಿಗೆ ರಾಜ್ಯಗಳದ್ದೇ. ಜಾರಿ ಮಾಡುವವರಿಗೆ ಮಾತಾಡುವ ಹಕ್ಕೂ ಬೇಕಲ್ವಾ? ಅದಕ್ಕೆ ಬುಂಡೆಸ್‌ರಾಟ್ ಎಂಬ ರಾಜ್ಯಗಳ ಸಭೆ ಇದೆ. ಅಲ್ಲಿ ಕೂರುವವರು ಪಕ್ಷದಿಂದ ಆರಿಸಿ ಬಂದವರಲ್ಲ, ರಾಜ್ಯ ಸರ್ಕಾರಗಳ ಮುಖ್ಯಮಂತ್ರಿ, ಮಂತ್ರಿಗಳೇ. ಒಟ್ಟು 69 ಮತ, ಜನಸಂಖ್ಯೆ ನೋಡಿ ರಾಜ್ಯಕ್ಕೆ 3ರಿಂದ 6. ರಾಜ್ಯಗಳಿಗೆ ತಾಗುವ ಅನೇಕ ಕಾನೂನುಗಳಿಗೆ ಇವರ ಒಪ್ಪಿಗೆ ಇರಲೇಬೇಕು. ಐದನೆಯ ಅಳತೆಗೋಲಿನಲ್ಲಿ ಜರ್ಮನಿಗೆ ಸಾಟಿ ಇಲ್ಲ.

ದುಡ್ಡಿನ ವಿಷಯದಲ್ಲೂ ಅಚ್ಚುಕಟ್ಟು. ವೈಯಕ್ತಿಕ ಆದಾಯ ತೆರಿಗೆಯಲ್ಲಿ ಕೇಂದ್ರಕ್ಕೆ ಶೇ 42.5, ರಾಜ್ಯಗಳಿಗೆ ಶೇ 42.5, ಊರಾಡಳಿತಕ್ಕೆ ಶೇ 15. ಇನ್ನು ಹಂಚಿಕೆಯ ಭದ್ರತೆ. ಹಿಟ್ಲರ್ 1934ರಲ್ಲಿ ರಾಜ್ಯಗಳ ಅಧಿಕಾರವನ್ನು ಅಳಿಸಿ ಹಾಕಿದ್ದ. ಆ ನೆನಪಿನಿಂದ, ದೇಶವನ್ನು ರಾಜ್ಯಗಳಾಗಿ ಹಂಚಿರುವುದನ್ನು ಯಾವ ತಿದ್ದುಪಡಿಯಿಂದಲೂ ತೆಗೆಯುವಂತಿಲ್ಲ ಎಂದು 1949ರಲ್ಲಿ ಬರೆದಿಟ್ಟರು.

ಕಳೆದುಕೊಳ್ಳುವುದು ವೇಗವನ್ನು. ಎಲ್ಲರನ್ನೂ ಕೂರಿಸಿ ಒಪ್ಪಿಸಬೇಕು. ವಿರೋಧ ಪಕ್ಷದ ಕೈಯಲ್ಲಿ ಹೆಚ್ಚು ರಾಜ್ಯಗಳಿದ್ದರೆ ಕೇಂದ್ರದ ಕಾನೂನು ನಿಂತುಹೋಗುತ್ತದೆ. ತಪ್ಪಾದರೆ ಯಾರು ಹೊಣೆ ಅನ್ನುವುದು ಮತದಾರರಿಗೆ ಗೊತ್ತಾಗುವುದಿಲ್ಲ. ಒಪ್ಪಿಗೆ ಬೇಕಾದ ಕಾನೂನುಗಳನ್ನು ಕಡಿಮೆ ಮಾಡಲು 2006ರಲ್ಲಿ ದೊಡ್ಡ ಸುಧಾರಣೆಯನ್ನೇ ಮಾಡಿದರು.

ಭಾರತ: ಮೂರು ಪಟ್ಟಿ, ವಾಲಿದ ತಕ್ಕಡಿ

ನಮ್ಮ ಸಂವಿಧಾನ ಬರೆದವರ ಮುಂದೆ ಇದ್ದದ್ದು ದೇಶ ವಿಭಜನೆಯ ರಕ್ತ ಮತ್ತು ಆಗಷ್ಟೇ ಸೇರಿಸಿಕೊಂಡಿದ್ದ 500ಕ್ಕೂ ಹೆಚ್ಚು ಸಂಸ್ಥಾನಗಳು. ಅವರು ಗಟ್ಟಿ ಕೇಂದ್ರವನ್ನು ಆರಿಸಿದ್ದು ಅರ್ಥವಾಗುತ್ತದೆ. 7ನೇ ಅನುಸೂಚಿಯಲ್ಲಿ ಮೊದಲಿಗೆ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ವಿಷಯ ಇದ್ದವು. ಸಮವರ್ತಿಯಲ್ಲಿ ಇಬ್ಬರೂ ಕಾನೂನು ಮಾಡಬಹುದು, ತಿಕ್ಕಾಟವಾದರೆ ಸಾಮಾನ್ಯವಾಗಿ ಗೆಲ್ಲುವುದು ಕೇಂದ್ರ. ಶೇಷಾಧಿಕಾರವೂ ಕೇಂದ್ರಕ್ಕೆ. ಶಿಕ್ಷಣ, ಅರಣ್ಯ ಸೇರಿ ಐದು ವಿಷಯಗಳು 1976ರಲ್ಲಿ ತುರ್ತುಪರಿಸ್ಥಿತಿಯ ನಡುವೆ ರಾಜ್ಯ ಪಟ್ಟಿಯಿಂದ ಸಮವರ್ತಿಗೆ ಹೋದವು.

ಎಲ್ಲಕ್ಕಿಂತ ಭಿನ್ನವಾದದ್ದು 3ನೇ ವಿಧಿ. ರಾಜ್ಯಗಳ ಗಡಿಯನ್ನು ಸಂಸತ್ತು ಬದಲಿಸಬಹುದು. ಆ ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ರಾಜ್ಯದ ಒಪ್ಪಿಗೆ ಇಲ್ಲದೆ ಒಂದಿಂಚೂ ಅಲ್ಲಾಡಿಸುವಂತಿಲ್ಲ. ನೋಡಿದ ಕೂಡಲೇ ಇದು ಅನ್ಯಾಯ ಅನ್ನಿಸಬಹುದು. ಆದರೆ 1956ರಲ್ಲಿ ಭಾಷೆಗಳ ಪ್ರಕಾರ ರಾಜ್ಯಗಳನ್ನು ಹೊಸದಾಗಿ ಕಟ್ಟಲು ಸಾಧ್ಯವಾದದ್ದು ಇದರಿಂದಲೇ. ಹಂಚಿಹೋಗಿದ್ದ ಕನ್ನಡಿಗರು ಒಂದಾದದ್ದೂ ಆಗಲೇ. ಅದೇ ವಿಧಿಯ ಬಲದಿಂದ 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ರಾಜ್ಯ ಎರಡು ಕೇಂದ್ರಾಡಳಿತ ಪ್ರದೇಶಗಳಾಯಿತು. ಒಂದೇ ಉಪಕರಣ, ಎರಡು ಬಳಕೆ.

ರಾಜ್ಯ ಸರ್ಕಾರವನ್ನು ವಜಾ ಮಾಡುವ 356ನೇ ವಿಧಿಗೆ ಕಡಿವಾಣ ಬಿದ್ದದ್ದು 1994ರಲ್ಲಿ, ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪಿನಿಂದ. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಗಟ್ಟಿ ಕೇಂದ್ರದ ದೇಶದಲ್ಲಿ ನಾಲ್ಕನೆಯ ಅಳತೆಗೋಲು, ಅಂದರೆ ಕೋರ್ಟು, ಎಷ್ಟು ಮುಖ್ಯ ಅನ್ನುವುದು ಇಲ್ಲಿ ಕಾಣುತ್ತದೆ.

ದುಡ್ಡಿಗೆ ಬಂದರೆ, ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು ಪಾಲು ಎಂದು ಹಣಕಾಸು ಆಯೋಗ ಐದು ವರ್ಷಕ್ಕೊಮ್ಮೆ ಹೇಳುತ್ತದೆ. 15ನೇ ಆಯೋಗ ರಾಜ್ಯಗಳಿಗೆ ಶೇ 41 ಅಂದಿತು. ಆದರೆ ಸೆಸ್, ಸರ್ಚಾರ್ಜ್ ಎಂಬ ಹೆಚ್ಚುವರಿ ತೆರಿಗೆಗಳ ರೂಪದಲ್ಲಿ ಎತ್ತಿದ ಹಣ ಈ ಪಾಲಿಗೆ ಬರುವುದಿಲ್ಲ. ಹಾಗಾಗಿ ಶೇಕಡಾವಾರು ಒಂದನ್ನೇ ನೋಡಬೇಡಿ, ಯಾವ ಮೊತ್ತದ ಶೇಕಡಾವಾರು ಅಂತಲೂ ನೋಡಿ. 2016ರಲ್ಲಿ ರಚನೆಯಾದ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡು. ತೀರ್ಮಾನಕ್ಕೆ ನಾಲ್ಕನೇ ಮೂರು ಬೇಕು. ಲೆಕ್ಕ ಹಾಕಿದರೆ, ಕೇಂದ್ರ ಬೇಡ ಅಂದದ್ದು ಎಂದೂ ಆಗುವುದಿಲ್ಲ.

ಎಲ್ಲರಿಗೂ ಒಂದೇ ಅಳತೆ ಬೇಡ ಅನ್ನುವ ದಾರಿ

ಸ್ಪೇನಿನ 17 ಸ್ವಾಯತ್ತ ಪ್ರದೇಶಗಳಲ್ಲಿ ಬಾಸ್ಕ್ ಮತ್ತು ನವಾರಾ ಎರಡೇ ತಮ್ಮ ತೆರಿಗೆಯನ್ನು ತಾವೇ ಎತ್ತಿ, ಒಂದು ಪಾಲನ್ನು ಮ್ಯಾಡ್ರಿಡ್‌ಗೆ ಕಳಿಸುತ್ತವೆ. ಭಿನ್ನ ಭಾಷೆ, ಭಿನ್ನ ಚರಿತ್ರೆ ಇರುವ ಒಂದೆರಡು ಪ್ರದೇಶಗಳನ್ನು ಜೊತೆಗಿಟ್ಟುಕೊಳ್ಳಲು ಇದು ಒಳ್ಳೆಯ ಉಪಾಯ. ತೊಂದರೆ ಏನೆಂದರೆ, ಪಕ್ಕದವರು ನಮಗೂ ಬೇಕು ಅನ್ನುತ್ತಾರೆ. ಕ್ಯಾಟಲೋನಿಯಾ ಕೇಳಿತು, ಸಿಗಲಿಲ್ಲ. 2017ರ ಹೊತ್ತಿಗೆ ಆ ಅಸಮಾಧಾನ ಬೇರೆಯಾಗುವ ಬಿಕ್ಕಟ್ಟಾಗಿ ಬೆಳೆದಿತ್ತು.

ಈಗ ನಿಮ್ಮ ಆಯ್ಕೆ

ದೇಶ ಚಿಕ್ಕದು, ಭಾಷೆ ಒಂದೇ, ಖಜಾನೆ ಬಡವಾದದ್ದು. ಹಾಗಿದ್ದರೆ ಎರಡು ಹಂತದ ಸರ್ಕಾರದ ಖರ್ಚು ಸುಮ್ನೆ ಹೊರೆ. ಒಂದೇ ಸರ್ಕಾರ ಇಟ್ಟುಕೊಂಡು ಊರಾಡಳಿತಕ್ಕೆ ಬಲ ಕೊಡುವುದು ಒಳ್ಳೆಯದು. ಆದರೆ ಚಿಕ್ಕದು ಅಂದ ಮಾತ್ರಕ್ಕೆ ಹಂಚಿಕೆ ಬೇಡ ಅಂತ ಖಡಾಖಂಡಿತವಾಗಿ ಹೇಳಲಾಗದು. ಸೇಂಟ್ ಕಿಟ್ಸ್ ಮತ್ತು ನೆವಿಸ್ ಎರಡೇ ದ್ವೀಪದ ದೇಶ. ಪುಟ್ಟ ನೆವಿಸ್‌ಗೆ ಸ್ವಂತ ಸಭೆ ಇದೆ, ಬೇರೆಯಾಗುವ ಹಕ್ಕೂ ಇದೆ. 1998ರಲ್ಲಿ ಮತ ಹಾಕಿ ನೋಡಿದರು. ಬಹುಮತ ಬಂತು, ಬೇಕಾದ ಮೂರನೇ ಎರಡು ಭಾಗ ಬರಲಿಲ್ಲ. ಇವತ್ತಿಗೂ ಜೊತೆಗಿದ್ದಾರೆ.

ಹಲವು ಭಾಷೆ, ಹಲವು ಪ್ರದೇಶ ಇರುವ ದೇಶವಾದರೆ ಶಾಲೆ, ಭಾಷೆ, ಪೊಲೀಸ್, ಊರಿನ ಆಡಳಿತ ರಾಜ್ಯಗಳ ಕೈಯಲ್ಲೇ ಇರಬೇಕು ಅನ್ನುವುದು ನನ್ನ ದೃಢ ನಂಬಿಕೆ. ಜೊತೆಗೆ ರಾಜ್ಯಗಳ ಗಾತ್ರವನ್ನೂ ನೋಡಿ. ನೈಜೀರಿಯಾ ಸ್ವತಂತ್ರವಾದಾಗ ಅದರ ಉತ್ತರ ಭಾಗದ ಪ್ರಾಂತ್ಯ ಒಂದೇ ಉಳಿದವೆಲ್ಲ ಸೇರಿದ್ದಕ್ಕಿಂತ ದೊಡ್ಡದಿತ್ತು. ಸಮತೋಲನ ಸಾಧ್ಯವೇ ಇರಲಿಲ್ಲ. 1967ರಲ್ಲಿ ಇಡೀ ದೇಶವನ್ನು 12 ರಾಜ್ಯಗಳಾಗಿ ಒಡೆದರು, ಅದೇ ವರ್ಷ ಅಂತರ್ಯುದ್ಧವೂ ಶುರುವಾಯಿತು. ಈಗ 36 ರಾಜ್ಯಗಳಿವೆ.

ಬಡ ರಾಜ್ಯ, ಶ್ರೀಮಂತ ರಾಜ್ಯಗಳ ಅಂತರ ದೊಡ್ಡದಿದ್ದರೆ ಆಸ್ಟ್ರೇಲಿಯಾ, ಜರ್ಮನಿಗಳ ಹಾಗೆ ಹಣ ಒಟ್ಟು ಮಾಡಿ ಹಂಚುವ ವ್ಯವಸ್ಥೆ ಬೇಕೇ ಬೇಕು. ಹೊಸ ಪ್ರಯೋಗ, ಸ್ಥಳೀಯ ಹೊಣೆ ನಿಮಗೆ ಮುಖ್ಯ ಅನ್ನಿಸಿದರೆ ಕೆನಡಾದ ಕಡೆ ವಾಲಿ. ವ್ಯಾಪಾರ, ಸಾರಿಗೆ ಸಲೀಸಾಗಿರಬೇಕು ಅನ್ನುವವರು ಅಳತೆ, ಹಳಿ, ಹೆದ್ದಾರಿಗಳನ್ನು ಕೇಂದ್ರಕ್ಕೆ ಬಿಡಲು ಹಿಂಜರಿಯಬೇಡಿ. ಮೂಲಭೂತ ಹಕ್ಕುಗಳು ಮಾತ್ರ ಯಾವ ಮಾದರಿಯಲ್ಲೂ ರಾಜ್ಯದ ಇಷ್ಟಕ್ಕೆ ಬಿಡುವ ವಿಷಯವಲ್ಲ. ಲಿಟಲ್ ರಾಕ್‌ನ ಮಕ್ಕಳಿಗೂ ಆಪೆನ್ಸೆಲ್‌ನ ಹೆಂಗಸರಿಗೂ ನೆರವಾದದ್ದು ಮೇಲಿನ ಕೋರ್ಟು, ಮೇಲಿನ ಸರ್ಕಾರ.

ಒಂದು ವಿಷಯವನ್ನು ಮೇಲಕ್ಕೋ ಕೆಳಕ್ಕೋ ಸಾಗಿಸುವ ಪ್ರಸ್ತಾಪ ಯಾವತ್ತಾದರೂ ನಿಮ್ಮ ಮುಂದೆ ಬಂದರೆ, ಎರಡು ಪ್ರಶ್ನೆ ಕೇಳಿ. ಈ ಹೊಣೆಯ ಜೊತೆ ಅದನ್ನು ಹೊರುವಷ್ಟು ತೆರಿಗೆಯೂ ಹೋಗುತ್ತದೆಯೇ? ಇದು ತಾತ್ಕಾಲಿಕ ಅಂತ ಹೇಳುತ್ತಿದ್ದರೆ, ಮುಗಿಯುವ ತಾರೀಖು ಕಾನೂನಿನಲ್ಲೇ ಬರೆದಿದೆಯೇ? 1942ರಲ್ಲಿ ಆಸ್ಟ್ರೇಲಿಯಾದ ರಾಜ್ಯಗಳಿಗೂ ಯುದ್ಧ ಮುಗಿಯುವ ತನಕ ಅಂತಲೇ ಹೇಳಿದ್ದರು.